ಕೈಮುಗಿದು ಬರೆದ ಮಾತು

ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಸ್ಯಾಂಡ್ರಾ ಮೊದಲ ಹೊಲಿಗೆಯನ್ನು ಗಿರಾಕಿಯ ಬಟ್ಟೆಗೆ ಹಾಕುವುದಿಲ್ಲ. ಒಂದು ಚಿಂದಿಯ ಮೇಲೆ ಗೆರೆ ಓಡಿಸಿ, 'ನಮಾನ್ ಮರಿಯೆ' ಪ್ರಾರ್ಥನೆಯನ್ನು ಪೂರ್ತಿ ಹೇಳಿ, ಆಮೇಲೆಯೇ ನೂಲು ಕತ್ತರಿಸುತ್ತಾಳೆ. ಜ್ವರವಿದ್ದರೂ, ಮದುವೆ ಬಟ್ಟೆಯ ಗಡಿಬಿಡಿಯಿದ್ದರೂ ಇದು ತಪ್ಪಿದ್ದಿಲ್ಲ.

ಕಾಪು ಪೇಟೆಯಲ್ಲಿ ಬಳೆ ಅಂಗಡಿಯ ಮೇಲಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಹುಟ್ಟಿದಾಗ ಅವಳನ್ನು ಗಂಡೆಂದು ಬರೆಸಿದ್ದರು. ತಾಯಿ ರೋಸಿಗೆ 'ಮಗಳೇ' ಎನ್ನಲು ವರ್ಷಗಳೇ ಬೇಕಾದವು. ಒಮ್ಮೆ ಅಂದ ಮೇಲೆ ಹಿಂದೆ ಸರಿಯಲಿಲ್ಲ. ಪೇಟೆಯವರಿಗೂ ಈಗ ಅಭ್ಯಾಸವಾಗಿದೆ. ಅಭ್ಯಾಸವಾಗದವರು ಫೋನಿನೊಳಗಿನ ಸಜ್ಜನರು ಮಾತ್ರ.

ಆ ಕಡೆಯ ದರ್ಜಿಗಳದೊಂದು ವಾಟ್ಸಾಪ್ ಗುಂಪು ಉಂಟು. ಮಣಿಪಾಲದ ದೊಡ್ಡ ಮದುವೆಗಳ ರವಿಕೆ ಕೆಲಸ ಹಂಚಿಹೋಗುವುದು ಅಲ್ಲಿಯೇ. ಅಲ್ಲಿಂದ ಹೊರಬಿದ್ದವರಿಗೆ ಉಳಿಯುವುದು ಹರಿದ ಅಂಚು, ಕಿತ್ತ ಜಿಪ್ಪು. ಗುಂಪಿಗೆ ನಿಯಮಗಳೂ ಉಂಟು: ಯಾರೂ ಯಾರನ್ನೂ 'ನೀನು' ಎನ್ನಬಾರದು, ಬೈಯಬಾರದು.

ಸ್ಯಾಂಡ್ರಾ ತಾನು ಕಸೂತಿ ಹಾಕಿದ ರವಿಕೆಯ ಚಿತ್ರ ಕಳಿಸಿದ ದಿನ, ಕಾರ್ಕಳದ ನೂಲು ವ್ಯಾಪಾರಿ ಧರ್ಮಪಾಲರು ಬರೆದರು: "ಅದರ ಕೈಕೆಲಸ ಬಹಳ ಚಂದ." ಪಕ್ಕದಲ್ಲಿ ಕೈಮುಗಿದ ಚಿತ್ರ.

"ಅಣ್ಣ, ಅವಳು ಅನ್ನಿ, ಇಲ್ಲವಾದರೆ ಅವರು ಅನ್ನಿ" ಎಂದು ಅವಳು ಮೆಲ್ಲಗೆ ತಿದ್ದಿದಳು.

"ಅದಕ್ಕೆ ಬೇಸರವಾಯಿತಾ?" ಮತ್ತೆ ಕೈಮುಗಿದ ಚಿತ್ರ. ಕೆಳಗೆ ಸಾಲಾಗಿ ನಗುವ ಮುಖಗಳು. ಒಬ್ಬರಾದರೂ 'ಸಾಕು' ಎನ್ನಲಿಲ್ಲ.

ಅವಳು ಇನ್ನೊಮ್ಮೆ ಕೇಳಿಕೊಂಡಳು. "ಅದನ್ನು ಯಾರಾದರೂ ಸಮಾಧಾನ ಮಾಡಿ" ಎಂದು ಬಂತು.

ಆಗ ಅವಳ ತಾಳ್ಮೆ ತಪ್ಪಿತು. "ನಿನ್ನ ಮನೆ ನಾಯಿಗೂ ಹೆಸರಿಟ್ಟು ಕರೆಯುತ್ತೀಯಲ್ಲ! ನಾನೆಂತ, ನಿನ್ನ ಬಾಗಿಲ ಚಿಲಕವಾ?"

ಅಷ್ಟೇ. ನಿಯಮ ಮುರಿದದ್ದಕ್ಕೆ ಸ್ಯಾಂಡ್ರಾಳನ್ನು ಗುಂಪಿನಿಂದ ತೆಗೆದರು. ಮನುಷ್ಯಳನ್ನು ಹಲಗೆ, ಚೊಂಬುಗಳ ಸಾಲಿಗೆ ಸೇರಿಸಿದಾಗ ನಿದ್ದೆಯಲ್ಲಿದ್ದ ಸಭ್ಯತೆ, ಅವಳು ನೊಂದು ಕೂಗಿದಾಗ ದಡಬಡಿಸಿ ಎದ್ದು ಕೂತಿತು. ದೇವರು ಇಂಥ ನಮಸ್ಕಾರವನ್ನು ಯಾವ ಲೆಕ್ಕಕ್ಕೆ ಹಾಕಿಕೊಳ್ಳುತ್ತಾನೋ!

ಆ ಶನಿವಾರ ಗುಂಪಿನ ಅಡ್ಮಿನ್ ನಳಿನಾಕ್ಷಿ ಕಾರ್ಕಳದಿಂದ ಮಗಳ ಮದುವೆಯ ಸೀರೆಗಳನ್ನು ಹೊತ್ತು ಅಂಗಡಿಗೇ ಬಂದರು.

"ಎಂತ ಮಾರಾಯ್ತಿ, ಇಷ್ಟು ಕೋಪವಾ? ಧರ್ಮಪಾಲಣ್ಣನಿಗೆ ಒಂದು 'ಸಾರಿ' ಹಾಕಿ, ಈಗಲೇ ಗುಂಪಿಗೆ ಸೇರಿಸ್ತೇನೆ. ಈ ರವಿಕೆಗಳೆಲ್ಲ ನಿಮಗೇ."

"ಅವರು ಬರೆದದ್ದು?"

"ಧರ್ಮಪಾಲಣ್ಣ ಕೆಟ್ಟ ಮಾತು ಒಂದಾದರೂ ಆಡಿದ್ದಾರಾ? ಕೈಮುಗಿದೇ ಬರೆದದ್ದಲ್ವಾ?"

"ಹಾಗಾದರೆ ನಾಳೆ ನಿಮ್ಮನ್ನೂ ಕೈಮುಗಿದು 'ಅದು' ಅಂತ ಬರೆದರೆ ಆಗ್ತದಾ?"

"ಅಯ್ಯೋ, ನನ್ನನ್ನಾ?" ನಳಿನಾಕ್ಷಿಯ ಮುಖ ಕೆಂಪೇರಿತು. "ಅದು ಬೇರೆ, ಇದು ಬೇರೆ."

"ಬೇರೆ ಹೇಗೆ, ನಳಿನಕ್ಕ?"

ನಳಿನಾಕ್ಷಿ ಸೀರೆಯ ಸೆರಗನ್ನು ಸುಮ್ಮನೆ ಸವರಿದರು. "ಅವರು ಹಿರಿಯರು. ಅವರಿಗೆ ನಾನು ಹೇಗೆ ಹೇಳುವುದು? ನೀವೇ ಸ್ವಲ್ಪ ಬಗ್ಗಿದರೆ ಮುಗಿಯಿತಲ್ಲ. ನಿಮಗೋಸ್ಕರ ನಾನು ಇಷ್ಟು ದೂರ ಬಂದೆ."

ಸ್ಯಾಂಡ್ರಾ ಸೀರೆಗಳನ್ನು ನೋಡಿದಳು. ಒಳ್ಳೆಯ ರೇಷ್ಮೆ, ಮಳೆಗಾಲದವರೆಗೆ ಸಾಕಾಗುವಷ್ಟು ಕೆಲಸ. ಒಂದೊಂದನ್ನೇ ಸುಕ್ಕಾಗದಂತೆ ಮಡಚಿ ಚೀಲಕ್ಕೆ ಹಾಕಿ, ಹಿಡಿಯನ್ನು ನಳಿನಾಕ್ಷಿಯ ಕೈಗೆ ಕೊಟ್ಟಳು.

"ಬೇಡ ನಳಿನಕ್ಕ. ಕೊಂಡುಹೋಗಿ."