ಕಾಶವ್ವನ ಹಸಿರು ಹೊಲ

ಮಾಸೂರಿನ ಕಾಶವ್ವನಿಗೆ ಬೀಳು ಬಿಟ್ಟ ಹೊಲವೆಂದರೆ ಸಂಜೆ ದೀಪ ಹಚ್ಚದ ಮನೆಯಿದ್ದಂತೆ. ಈ ಸಲ ಅತಿಮಳೆಗೆ ಗೋವಿನಜೋಳ ಕೊಳೆತಾಗಲೂ ಅವಳು ಕೈಕಟ್ಟಿ ಕೂರಲಿಲ್ಲ. ಅದನ್ನೆಲ್ಲ ಕಿತ್ತೆಸೆದು, ದನಗಳಿಗಾದರೂ ಆದೀತೆಂದು ಹುರುಳಿ ಬಿತ್ತಿದಳು. ಪಕ್ಕದ ಹೊಲದ ಬಸವೇಶ ಕೊಳೆತದ್ದನ್ನು ಹಾಗೇ ಬಿಟ್ಟು, ಕಟ್ಟೆಯ ಮೇಲೆ ಇಸ್ಪೀಟು ಆಡುತ್ತ ಕುಳಿತ.

ಬೆಳೆಹಾನಿಯ ಪರಿಹಾರ ಅವನಿಗೆ ಬಂತು, ಇವಳಿಗೆ ಬಿಡಿಗಾಸೂ ಇಲ್ಲ. ಕೇಳಲು ಹೋದವಳಿಗೆ ಕಚೇರಿಯ ಸಾಹೇಬರು ಉಪಗ್ರಹ ತೆಗೆದ ಚಿತ್ರ ತೋರಿಸಿದರು.

“ಬಸವೇಶನ ಹೊಲ ಒಣಗೇತಿ. ನಿಮ್ಮದು ಹಚ್ಚಗ ಐತಲ್ರಿ, ಬೆಳಿ ಎಲ್ಲಿ ಹಾಳಾಗೇತಿ?”

“ಅದು ಆಮ್ಯಾಲೆ ಬಿತ್ತಿದ ಹುರುಳಿರಿ. ಹೋಗಿದ್ದು ಗೋವಿನಜೋಳ.”

“ಮ್ಯಾಲಿಂದ ಹುರುಳಿನೂ ಗೋವಿನಜೋಳಾನೂ ಒಂದ ಹಸರ ಕಾಣ್ತಾವ್ರಿ.”

ಕಾಶವ್ವ ಸೆರಗು ಸರಿಮಾಡಿಕೊಂಡು ಎದ್ದಳು. “ಬರೋ ವರ್ಷ ಹುರುಳಿ ಬಿತ್ತಂಗಿಲ್ರಿ ಸಾಹೇಬ್ರ. ಬಸವೇಶನ ಕಡೆ ಇಸ್ಪೀಟ ಆಡೋದು ಕಲೀತೇನಿ.”