ಅತ್ತೆ ಗಂಧ ಹಚ್ಚಿದ ಕಲ್ಲು

ನನ್ನ ಕೆಲಸ ಹಡಪಸರದಲ್ಲಿ, ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಮನೆ ವಾಕಡದಲ್ಲಿ. ಪುಣೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಹೊತ್ತು ಕಳೆಯಲೆಂದು ಓದತೊಡಗಿದ ಪುಸ್ತಕಗಳಿಂದ ನನಗೆ ಪಳೆಯುಳಿಕೆಗಳ ಹುಚ್ಚು ಹತ್ತಿತು. ಪುಣೆಯ ನೆಲದಲ್ಲಿ ಸಮುದ್ರಜೀವಿಗಳ ಪಳೆಯುಳಿಕೆ ಸಿಗುವುದಿಲ್ಲ. ಇಲ್ಲಿ ಎಲ್ಲಿ ಅಗೆದರೂ ಲಾವಾರಸ ಆರಿ ಆದ ಕರಿಕಲ್ಲು. ಆದ್ದರಿಂದ ನಮ್ಮ ಹವ್ಯಾಸಿಗಳ ಗುಂಪು ವರ್ಷಕ್ಕೊಮ್ಮೆ ರೈಲು ಹತ್ತಿ ತಮಿಳುನಾಡಿನ ಅರಿಯಲೂರಿನ ಕಡೆಗೆ ಹೋಗುತ್ತದೆ. ಕ್ರಿಟೇಷಿಯಸ್ ಯುಗದಲ್ಲಿ, ಅಂದರೆ ಡೈನೋಸಾರುಗಳ ಕೊನೆಯ ಕಾಲದಲ್ಲಿ, ಅಲ್ಲಿ ಸಮುದ್ರವಿತ್ತು. ಈಗ ಸುಣ್ಣಕಲ್ಲಿನ ಗಣಿಗಳಿವೆ. ಅನುಮತಿ ಪಡೆದು, ತಲೆಗೆ ಟೊಪ್ಪಿಗೆ ಹಾಕಿಕೊಂಡು, ಗಣಿಯವರು ಬಿಟ್ಟುಹೋದ ಗುಡ್ಡೆಗಳಲ್ಲಿ ಬಗ್ಗಿ ಬಗ್ಗಿ ಹುಡುಕುತ್ತೇವೆ.

ನಾನು ಹೇಳಬೇಕೆಂದಿರುವ ಕಲ್ಲು ಅಲ್ಲಿಯೇ ಸಿಕ್ಕದ್ದು. ಮುಷ್ಟಿಯಷ್ಟು ದಪ್ಪ, ಬೆಲ್ಲದ ಬಣ್ಣ, ಸುರುಳಿಸುತ್ತಿದ ಚಿಪ್ಪಿನ ಆಕಾರ. ಮೈಮೇಲೆ ಒತ್ತೊತ್ತಾಗಿ ಉಬ್ಬಿದ ಏಣುಗಳಿದ್ದವು. ಮನೆಗೆ ತಂದು ಹಲ್ಲುಜ್ಜುವ ಬ್ರಶ್ಶಿನಿಂದಲೂ ಸೂಜಿಯಿಂದಲೂ ಸ್ವಚ್ಛ ಮಾಡಿ, ಏಣುಗಳನ್ನು ನೋಡಿ, ಇದು ಅಮೊನೈಟ್ ಎಂದು ತೀರ್ಮಾನಿಸಿದೆ. ಅಮೊನೈಟ್ ಎಂದರೆ ಅಳಿದುಹೋದ ಒಂದು ಕಡಲಜೀವಿ. ಅದರ ಚಿಪ್ಪಿನೊಳಗೆ ಗೋಡೆ ಹಾಕಿದಂತೆ ಸಣ್ಣ ಸಣ್ಣ ಕೋಣೆಗಳಿರುತ್ತವೆ. ಆ ಗೋಡೆಗಳು ಚಿಪ್ಪಿಗೆ ಕೂಡುವ ಕಡೆ ಗೆರೆ ಮೂಡುತ್ತದೆ. ಅಮೊನೈಟಿನಲ್ಲಿ ಆ ಗೆರೆ ಕೊತ್ತಂಬರಿ ಸೊಪ್ಪಿನ ಅಂಚಿನ ಹಾಗೆ ಚಿತ್ತಾರವಾಗಿರಬೇಕು. ನನ್ನ ಕಲ್ಲಿನಲ್ಲಿ ಗೆರೆಗಳು ಸರಿಯಾಗಿ ಕಾಣುತ್ತಿರಲಿಲ್ಲ. ಸವೆದಿರಬೇಕು ಎಂದುಕೊಂಡೆ. ಗುಂಪಿಗೆ ಹೊಸದಾಗಿ ಸೇರಿದವರಿಗೆ ಅಮೊನೈಟ್ ಗುರುತಿಸುವುದು ಹೇಗೆಂದು ಅದೇ ಕಲ್ಲನ್ನು ಹಿಡಿದು ಎಷ್ಟೋ ಸಲ ಪಾಠ ಮಾಡಿದ್ದೆ.

ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ಬಾಗಲಕೋಟೆಯಿಂದ ನಮ್ಮಲ್ಲಿಗೆ ಬಂದರು. ಅವರ ಜೊತೆಗೆ ಮನೆಯ ಸಾಲಿಗ್ರಾಮವೂ ಬಂತು. ಹೊಳೆಯಲ್ಲಿ ಉರುಳಿ ನುಣುಪಾದ, ನಡುವೆ ಚಕ್ರವಿರುವ ಕರಿಯ ಕಲ್ಲು ಅದು. ನಮ್ಮ ಮನೆತನದಲ್ಲಿ ಅದನ್ನು ಹೆಂಗಸರು ಮುಟ್ಟುವುದಿಲ್ಲ. ರೈಲಿನಲ್ಲಿ ನನ್ನ ಗಂಡ ಮಡಿಬಟ್ಟೆಯಲ್ಲಿ ಸುತ್ತಿದ ದೇವರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತರೆ, ಅತ್ತೆಯವರು ಸೆರಗು ತಾಗದ ಹಾಗೆ ಎದುರಿನ ಸೀಟಿನ ತುದಿಯಲ್ಲಿ ಕೂತು ಬಂದಿದ್ದರು. ಆ ದೇವರಿಗೆ ಅವರು ಮದುವೆಯಾದಾಗಿನಿಂದ ಗಂಧ ತೇಯ್ದುಕೊಟ್ಟಿದ್ದಾರೆ, ತುಳಸಿ ಬಿಡಿಸಿಕೊಟ್ಟಿದ್ದಾರೆ, ನೈವೇದ್ಯದ ಅಡಿಗೆ ಮಾಡಿದ್ದಾರೆ. ಮುಟ್ಟಿ ಪೂಜೆ ಮಾಡಿದ್ದು ಮೊದಲು ಅವರ ಮಾವ, ಆಮೇಲೆ ಗಂಡ, ಈಗ ಮಗ.

ನನ್ನ ಕಪಾಟಿನ ಮುಂದೆ ಅವರು ಆಗಾಗ ಬಂದು ನಿಲ್ಲುತ್ತಿದ್ದರು. ಒಮ್ಮೆ ನಾನೇ ಉತ್ಸಾಹದಿಂದ, ನಮ್ಮ ಸಾಲಿಗ್ರಾಮವೂ ಇಂಥದೇ ಜೀವಿಯ ಗುರುತು, ಹಿಮಾಲಯದ ಜಾಗದಲ್ಲಿಯೂ ಹಿಂದೆ ಸಮುದ್ರವಿತ್ತು ಎಂದು ವಿವರಿಸಿದೆ. ಅವರು ಕೇಳಿಸಿಕೊಂಡು ತುಳಸಿ ಬಿಡಿಸಲು ಹೋದರು. ಅವರಿಗೆ ಆಶ್ಚರ್ಯವಾಗಲಿಲ್ಲವಲ್ಲ ಎಂದು ನನಗೆ ಸ್ವಲ್ಪ ನಿರಾಸೆಯಾಯಿತು.

ಈ ಮಳೆಗಾಲದ ಒಂದು ಭಾನುವಾರ ನಮ್ಮ ಮನೆಯಲ್ಲಿ ಗುಂಪಿನ ಸಭೆ ಇಟ್ಟುಕೊಂಡಿದ್ದೆವು. ಊರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಳೆಯುಳಿಕೆಗಳನ್ನು ಅಭ್ಯಾಸ ಮಾಡುವ ಮರಾಠಿ ಹೆಣ್ಣುಮಗಳೊಬ್ಬಳು ನಮ್ಮ ಸಂಗ್ರಹಗಳನ್ನು ನೋಡಲು ಒಪ್ಪಿ ಬಂದಿದ್ದಳು. ಗುಂಪಿನ ಇನ್ನಿಬ್ಬರಿದ್ದರು. ಚಹಾ, ಚುರುಮುರಿ ಆದ ಮೇಲೆ ನನ್ನ ಒಳ್ಳೆಯ ಅಮೊನೈಟ್ ತೋರಿಸುತ್ತೇನೆಂದು ಕಪಾಟು ತೆಗೆದರೆ ಅದು ಇದ್ದ ಜಾಗ ಖಾಲಿ. ಸ್ಟೂಲು ಹತ್ತಿ ಅಟ್ಟದ ಮೇಲಿನ ರಟ್ಟಿನ ಡಬ್ಬಿಗಳನ್ನೆಲ್ಲ ಇಳಿಸಿದೆ. ಹಳೆಯ ಪೇಪರಿನ ಚೂರು ನೆಲದ ತುಂಬ ಹರಡಿತು. ಗಂಡನನ್ನು ಕೇಳಿದೆ, ಅವರಿಗೆ ಗೊತ್ತಿರಲಿಲ್ಲ. ಇಲ್ಲೇ ಇತ್ತು, ಇಲ್ಲೇ ಇತ್ತು ಎಂದು ಮರಾಠಿಯಲ್ಲಿ ಅನ್ನುತ್ತ ನಾನು ಇನ್ನೊಂದು ಡಬ್ಬಿ ಬಿಚ್ಚುವಾಗ ಅತ್ತೆಯವರು ತಮ್ಮ ಕೋಣೆಯಿಂದ ಬಂದರು. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಕಲ್ಲನ್ನು ಟೀಪಾಯಿಯ ಮೇಲಿಟ್ಟರು.

ಕಲ್ಲಿಗೆ ಗಂಧ ಹಚ್ಚಿತ್ತು. ಒಂದು ದಿನದ್ದಲ್ಲ, ಎಷ್ಟೋ ದಿನಗಳ ಗಂಧ ಪದರು ಪದರಾಗಿ ಒಣಗಿ ಏಣುಗಳ ನಡುವೆ ಕೂತಿತ್ತು. ಸುರುಳಿಯ ಕುಳಿಯಲ್ಲಿ ಒಂದು ತುಳಸಿ ಎಲೆ ಅಂಟಿಕೊಂಡಿತ್ತು.

ಮೊದಲು ಬಾಯಿ ತೆಗೆದವರು ನನ್ನ ಗಂಡ.

"ಅವ್ವಾ, ಇದೇನ ಮಾಡೀದಿ? ಮನ್ಯಾಗ ದೇವರಿಲ್ಲೇನು? ರಸ್ತಾದಾಗಿನ ಕಲ್ಲಿಗೆ ಪೂಜಾ ಮಾಡ್ಲಿಕ್ಕತ್ತೀಯಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಬಂದವರ ಮುಂದೆ ಮನೆಯ ಮಾನ ಹೋಯಿತೆಂಬ ಗಾಬರಿ. ಅದನ್ನು ಮುಚ್ಚಲು ಅವರೆಡೆಗೆ ತಿರುಗಿ, ವಯಸ್ಸಾದವರು, ಕಲ್ಲು ಕಂಡಲ್ಲೆಲ್ಲ ಕೈಮುಗಿಯುತ್ತಾರೆ ಎಂದು ಮರಾಠಿಯಲ್ಲಿ ನಗುತ್ತ ಹೇಳಿದರು. ಗುಂಪಿನ ಇಬ್ಬರೂ ನಕ್ಕರು. ಅತ್ತೆಯವರಿಗೆ ಮರಾಠಿ ಚೆನ್ನಾಗಿ ತಿಳಿಯುತ್ತದೆ. ಅವರು ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತರು. ಕಿವಿ ಕೆಂಪಾಗಿದ್ದವು. ಒಳಗೆ ಹೋಗಬೇಕೋ ಅಲ್ಲಿಯೇ ಇರಬೇಕೋ ಅವರಿಗೆ ತಿಳಿಯಲಿಲ್ಲ. ಅವರ ಆ ನಿಲುವನ್ನು ನೋಡಲಾಗದೆ ನಾನು ನೆಲದ ಮೇಲಿನ ಪೇಪರು ಆರಿಸತೊಡಗಿದೆ. ಅಷ್ಟು ವಯಸ್ಸಾದವರ ಗುಟ್ಟೊಂದು ಹೀಗೆ ಚಹಾದ ಕಪ್ಪುಗಳ ನಡುವೆ ಬಿದ್ದಿದ್ದನ್ನು ಕಂಡು ನನ್ನದೇ ಮೈಮೇಲಿನ ಬಟ್ಟೆ ಜಾರಿದಷ್ಟು ನಾಚಿಕೆಯಾಯಿತು.

ಸಂಶೋಧಕಿ ಮಾತ್ರ ನಗಲಿಲ್ಲ. ಎದ್ದು ಅತ್ತೆಯವರಿಗೆ ನಮಸ್ಕಾರ ಮಾಡಿ, ತುಳಸಿ ಎಲೆಯನ್ನು ಎತ್ತಿ ಒಂದು ತಟ್ಟೆಯಲ್ಲಿಟ್ಟು, ಗಂಧ ಒರೆಸಬಹುದೇ ಎಂದು ಕೇಳಿದಳು. ಅತ್ತೆಯವರು ತಲೆಯಾಡಿಸಿದರು. ಅವಳು ಒದ್ದೆ ಬಟ್ಟೆಯಿಂದ ಮೇಲುಮೇಲಿನದನ್ನು ಒರೆಸಿ, ಭೂತಗನ್ನಡಿ ಹಿಡಿದು ಸುಮ್ಮನೆ ನೋಡುತ್ತ ಕೂತಳು. ಆಮೇಲೆ ನನ್ನನ್ನು ಕರೆದಳು.

ಉಬ್ಬಿದ ಭಾಗದ ಗಂಧ ಹೋಗಿತ್ತು. ಸಣ್ಣ ಗೆರೆಗಳೊಳಗೆ ಇಳಿದದ್ದು ಹಾಗೆಯೇ ಉಳಿದಿತ್ತು. ಅದರಿಂದ, ನನಗೆ ಯಾವತ್ತೂ ಸರಿಯಾಗಿ ಕಾಣದಿದ್ದ ಗೆರೆಗಳು ರಂಗೋಲಿ ಎಳೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಅವು ಸವೆದಿರಲೇ ಇಲ್ಲ. ಚಿತ್ತಾರವೂ ಇರಲಿಲ್ಲ. ಒಂದಾದ ಮೇಲೊಂದು, ಮೆಲ್ಲಗೆ ಬಾಗಿದ ಸರಳ ಗೆರೆಗಳು. ಅವಳು ನೋವಾಗದ ಹಾಗೆ ಹೇಳಿದಳು: ಇದು ಅಮೊನೈಟ್ ಅಲ್ಲ, ನಾಟಿಲಸ್. ಇದರ ವಂಶದವು ಇವತ್ತಿಗೂ ಸಮುದ್ರದಲ್ಲಿ ಬದುಕಿವೆ. ಆ ಕಾಲದ ಕೆಲವು ನಾಟಿಲಸ್ಸುಗಳಿಗೆ ಏಣುಗಳಿದ್ದವು, ಬಹಳ ಜನ ಮೋಸ ಹೋಗುತ್ತಾರೆ. ಗೆರೆ ಇಷ್ಟು ಚೆನ್ನಾಗಿ ಉಳಿದಿರುವುದು ಅಪರೂಪ, ಸಂಸ್ಥೆಯ ಸಂಗ್ರಹಕ್ಕೆ ಕೊಡುವಿರಾ ಎಂದೂ ಕೇಳಿದಳು.

ನನ್ನಿಂದ ಪಾಠ ಹೇಳಿಸಿಕೊಂಡ ಇಬ್ಬರೂ ಅಲ್ಲಿಯೇ ಕೂತಿದ್ದರು. ಬೇರೆ ದಿನವಾಗಿದ್ದರೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸುತ್ತಿತ್ತು. ಅವತ್ತು ಹಾಗಲ್ಲ. ಎಲ್ಲರ ಕಣ್ಣೂ ಅತ್ತೆಯವರ ಮೇಲಿಂದ ಎದ್ದು ನನ್ನ ಮೇಲೆ ಬರಲೆಂದು, ನಾನೆಂಥ ದಡ್ಡಿ, ಇಷ್ಟು ದಿನ ಎಲ್ಲರಿಗೂ ತಪ್ಪು ಹೇಳಿಕೊಟ್ಟೆ ಎಂದು ದೊಡ್ಡ ದನಿಯಲ್ಲಿ ಹೇಳಿಕೊಂಡೆ. ತಿರುಗಿ ನೋಡಿದರೆ ಅತ್ತೆಯವರು ಯಾವಾಗಲೋ ಒಳಗೆ ಹೋಗಿದ್ದರು.

ಬಂದವರೆಲ್ಲ ಹೋದ ಮೇಲೆ ಅಡಿಗೆಮನೆಯಲ್ಲಿ ಕಪ್ಪು ತೊಳೆಯುತ್ತಿದ್ದೆ. ಅತ್ತೆಯವರು ಬಂದು ಪಕ್ಕದಲ್ಲಿ ನಿಂತು ಒಂದೊಂದಾಗಿ ಒರೆಸಿ ಇಡತೊಡಗಿದರು. ನಾನು ಕೇಳಬಾರದೆಂದುಕೊಂಡರೂ ಕೇಳಿದೆ.

"ಅತ್ಯಾರ, ಅದು ಸಾಲಿಗ್ರಾಮ ಅಂತ ತಿಳಕೊಂಡಿದ್ರೇನ್ರಿ?"

"ಇಲ್ಲ." ಅವರು ಕೈಯಲ್ಲಿದ್ದ ಕಪ್ಪನ್ನು ಒರೆಸಿದ್ದನ್ನೇ ಒರೆಸಿದರು. "ದೇವರಲ್ಲ ಅಂತ ಮೊದಲೇ ಗೊತ್ತಿತ್ತು. ಅಲ್ಲ ಅಂತನ ಮುಟ್ಟಿದೆ. ದೇವರಾಗಿದ್ರ ಮುಟ್ಟಲಿಕ್ಕೆ ಬರ್ತಿತ್ತೇನು?"

ಕಪ್ಪನ್ನು ಕೆಳಗಿಟ್ಟು, ಇಷ್ಟು ವರ್ಷ ಗಂಧ ತೇಯ್ದರೂ ಅದು ಹಚ್ಚುವಾಗ ಹೇಗಿರುತ್ತದೆ ಎಂದು ತಿಳಿದಿರಲಿಲ್ಲ, ಬೆರಳಿಗೆ ತಣ್ಣಗೆ ಹತ್ತುತ್ತದೆ ಎಂದರು. ಅಷ್ಟು ಹೇಳಿ ದೀಪ ಹಚ್ಚಲು ಹೋದರು.

ನಾನು ನಲ್ಲಿ ನಿಲ್ಲಿಸಿ ಅಲ್ಲಿಯೇ ನಿಂತೆ. ಬಸ್ಸಿನಲ್ಲಿ, ಗುಂಪಿನಲ್ಲಿ, ಗೆಳತಿಯರ ಮುಂದೆ, ಸಾಲಿಗ್ರಾಮ ಎಂದರೆ ಅಮೊನೈಟ್ ಅಷ್ಟೇ ಎಂದು ಎಷ್ಟು ಸಲ ಹೇಳಿದ್ದೇನೋ. ಆದರೆ ನಮ್ಮ ಮನೆಯದನ್ನು ನಾನೂ ಯಾವತ್ತೂ ಮುಟ್ಟಿರಲಿಲ್ಲ. ಗಂಡ ಅಭಿಷೇಕ ಮಾಡುವಾಗ ದೂರದಿಂದಲೇ ಕತ್ತು ಉದ್ದ ಮಾಡಿ, ಅದರ ಚಕ್ರದಲ್ಲಿ ಏಣುಗಳು ಎಲ್ಲಿ ಕವಲೊಡೆಯುತ್ತವೆ ಎಂದು ನೋಡಲು ಹೆಣಗುತ್ತಿದ್ದೆ. ಒಮ್ಮೆ ಕೊಡ್ರಿ, ಭೂತಗನ್ನಡಿಯಲ್ಲಿ ನೋಡುತ್ತೇನೆ ಎಂದು ಕೇಳುವ ಧೈರ್ಯ ಬಂದಿರಲಿಲ್ಲ. ಬೇಡವೆಂದು ಯಾರಾದರೂ ಹೇಳಿದ್ದರೆ ಅವರ ಮೇಲೆ ಸಿಟ್ಟಾದರೂ ಮಾಡಬಹುದಿತ್ತು. ಯಾರೂ ಹೇಳಿರಲಿಲ್ಲ. ಓದಿದವಳು, ದುಡಿಯುವವಳು, ಗಣಿಯಲ್ಲಿ ಸುತ್ತಿಗೆ ಹಿಡಿದು ತಿರುಗುವವಳು ಎಂದುಕೊಂಡಿದ್ದ ನಾನು ಕೇಳದೆಯೇ ಸುಮ್ಮನಿದ್ದೆ. ಅತ್ತೆಯವರು ಅಷ್ಟಾದರೂ ಒಂದು ದಾರಿ ಹುಡುಕಿಕೊಂಡಿದ್ದರು. ಅದನ್ನೂ ನನ್ನ ಸಭೆ ಹಾಳು ಮಾಡಿತು.

ಅವತ್ತು ಊಟದ ಹೊತ್ತಿಗೆ ನನ್ನ ಗಂಡನಿಗೂ ಕಸಿವಿಸಿಯಾಗಿತ್ತು. ತಟ್ಟೆಯ ಕಡೆ ನೋಡುತ್ತಲೇ, ನಿನಗೆ ಬೇಕಿದ್ದರೆ ನಾಳೆಯಿಂದ ದೇವರಿಗೆ ನೀನೇ ಗಂಧ ಹಚ್ಚು ಎಂದು ತಾಯಿಗೆ ಹೇಳಿದರು. ಅತ್ತೆಯವರು ಅನ್ನ ಬಡಿಸುತ್ತ, "ಈಗ್ಯಾಕೋ" ಎಂದರು.

ಕಲ್ಲನ್ನು ಅತ್ತೆಯವರಿಗೇ ಬಿಡೋಣವೆಂದು ಅವರ ಕೋಣೆಯಲ್ಲಿಟ್ಟೆ. ಮರುದಿನ ಅದು ಸ್ವಚ್ಛವಾಗಿ ತೊಳೆಸಿಕೊಂಡು ನನ್ನ ಕಪಾಟಿಗೆ ವಾಪಸು ಬಂದಿತ್ತು. ಆ ಹುಡುಗಿಗೆ ಕೊಟ್ಟುಬಿಡು, ಅವಳು ಬಹಳ ಮರ್ಯಾದೆಯಿಂದ ಹಿಡಿದಳು ಎಂದರು. ಕೊಡಲು ಹೊರಟ ದಿನ ತಾವೂ ಬರುವುದಾಗಿ ಸೀರೆ ಬದಲಿಸಿ ನಿಂತರು.

ಸಂಸ್ಥೆಯಲ್ಲಿ ಸಂಶೋಧಕಿ ನಮಗಾಗಿ ಕಪಾಟಿನ ಡ್ರಾಯರುಗಳನ್ನು ಎಳೆದಳು. ಅರಿಯಲೂರಿನವು, ನರ್ಮದಾ ಕಣಿವೆಯವು, ಕಚ್ಛದವು. ಅತ್ತೆಯವರು ಮೊದಲು ಹಿಂಜರಿದರು. ಅವಳು ಕೈಗೆ ಕೊಟ್ಟ ಮೇಲೆ ಒಂದೊಂದನ್ನೇ ತೆಗೆದುಕೊಂಡು, ಬದನೆಕಾಯಿ ಆರಿಸುವ ಹಾಗೆ ತಿರುಗಿಸಿ, ಹೆಬ್ಬೆರಳಿನಿಂದ ಸುರುಳಿಯನ್ನು ಸವರಿ ಸವರಿ ನೋಡಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಅವಳು ಕೆಳಗಿನ ಡ್ರಾಯರು ತೆಗೆದಳು. ಅದರ ತುಂಬ ಹಿಮಾಲಯದ ಕರಿಯ ಕಲ್ಲುಗಳಿದ್ದವು. ಇವು ಕ್ರಿಟೇಷಿಯಸ್‌ಗಿಂತ ಹಳೆಯವು, ನೀವು ಸಾಲಿಗ್ರಾಮ ಎನ್ನುವಂಥವು, ತೆಗೆದುಕೊಳ್ಳಿ ಎಂದಳು.

ಅತ್ತೆಯವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ನಾನು ಒಂದನ್ನು ಎತ್ತಿಕೊಂಡೆ. ಒಂದೊಂದು ಏಣೂ ಹೊರ ಅಂಚಿನ ಹತ್ತಿರ ಎರಡಾಗಿ ಸೀಳಿ ಹೋಗುತ್ತಿತ್ತು. ಅಷ್ಟು ಹತ್ತಿರದಿಂದ ನೋಡಬೇಕೆಂದು ಎಷ್ಟು ಆಸೆಪಟ್ಟಿದ್ದೆನೋ, ಈಗ ಕೈಯಲ್ಲಿದ್ದರೂ ನೋಡಲಾಗಲಿಲ್ಲ. ಅತ್ತೆಯವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ನನ್ನ ಮೇಲೆ ಸಿಟ್ಟಿನಿಂದಲ್ಲ, ನನಗೆ ಸಂಕೋಚವಾಗಬಾರದೆಂದು. ಅದಕ್ಕೇ ನನಗೆ ಇನ್ನಷ್ಟು ಸಂಕೋಚವಾಯಿತು. ಬೇಗ ಬೇಗ ಅದನ್ನು ಅದರ ಜಾಗದಲ್ಲಿಟ್ಟು, ಸೀರೆಗೆ ಕೈ ಒರೆಸಿಕೊಂಡೆ. ಯಾಕೆ ಒರೆಸಿಕೊಂಡೆನೋ ಗೊತ್ತಿಲ್ಲ.

ವಾಪಸು ಬರುವಾಗ ರಿಕ್ಷಾ ಸಿಗ್ನಲಿನಲ್ಲಿ ಬಹಳ ಹೊತ್ತು ನಿಂತಿತು. ಅತ್ತೆಯವರು ಹೊರಗೆ ನೋಡುತ್ತ ಕೇಳಿದರು.

"ಅದು ಜೀವಂತ ಇದ್ದಾಗ ಏನ್ ತಿಂತಿತ್ತ?"

"ಸಣ್ಣ ಸಣ್ಣ ಹುಳಾ, ಸೀಗಡಿ ಅಂಥಾವನ್ನ ತಿಂತಿದ್ವು ಅಂತಾರ್ರಿ."

"ಆ ಕರೀ ಕಲ್ಲಿನವೂನೂ?"

"ಹೌದ್ರಿ."

ರಿಕ್ಷಾ ಹೊರಟು ಸೇತುವೆ ದಾಟಿತು. ಆಮೇಲೆ ರಿಕ್ಷಾದವನಿಗೆ ಕೇಳಿಸೀತೆಂಬಂತೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು.

"ಮನ್ಯಾಗ ಹೇಳಬ್ಯಾಡ."

ನಾನು ಹೇಳಿಲ್ಲ. ಬೆಳಿಗ್ಗೆ ನನ್ನ ಗಂಡ ತುಪ್ಪ ಹಾಕಿದ ಅನ್ನವನ್ನು ನೈವೇದ್ಯಕ್ಕಿಟ್ಟು ಕಣ್ಣು ಮುಚ್ಚಿದಾಗ ಅತ್ತೆಯವರೂ ನಾನೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.