ಗಂಡನ ಹೆಸರು ಕೇಳುವ ನಾಗರತ್ನಾ

ಕಿತ್ತೂರಿನ ಹೆದ್ದಾರಿ ಪಕ್ಕದ ಪುಟ್ಟ ಆಸ್ಪತ್ರೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ನರ್ಸ್ ನಾಗರತ್ನಾ ಟಾರ್ಚ್ ಹಿಡಿದು ರಾಚವ್ವನವರ ರೆಪ್ಪೆ ಬಿಡಿಸುತ್ತಾರೆ. ನಿನ್ನೆ ಸಂಜೆ ಸವದತ್ತಿಯಿಂದ ಬರುವಾಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರು ಇವರು. ಗಂಡ ಉಳವಪ್ಪ ಮಂಚದ ಬಳಿಯೇ ಕೂತಿದ್ದಾರೆ.

“ಪಾಪ, ಈಗರ ಕಣ್ಣ ಹತ್ಯಾವ್ರಿ. ಎಬ್ಬಸಬ್ಯಾಡ್ರಿ ಅಕ್ಕಾರ.”

“ಎಬ್ಬಸಾಕ ನಾ ಇರೂದು, ಅಣ್ಣಾರ. ರಾಚವ್ವಾ, ಯಜಮಾನ್ರ ಹೆಸರ ಹೇಳ್ರಿ ನೋಡೂಣು.”

ಪೆಟ್ಟು ತಿಂದ ಮಿದುಳು ಒಳಗೊಳಗೇ ಬಾತುಕೊಳ್ಳಬಹುದು. ಹೊರಗಿನವರ ಕಣ್ಣಿಗೆ ಅದು ಸುಖನಿದ್ದೆ. ಅದಕ್ಕೇ ನಾಗರತ್ನಾ ಮತ್ತೆ ಮತ್ತೆ ಎಬ್ಬಿಸಿ ಮಾತಾಡಿಸುತ್ತಾರೆ. ಈ ಕಡೆಯ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವವರಲ್ಲ, ಒಡಪು ಕಟ್ಟಿ ಪ್ರಾಸದೊಳಗೆ ಹೇಳಬೇಕು. ನಿನ್ನೆ ರಾಚವ್ವ ನೋವಿನಲ್ಲೂ ಹೇಳಿದ್ದರು: “ಮಲಪ್ರಭಾ ಹೊಳಿ ದಾಟಿ ಬಂದೇನಿ, ಉಳವಪ್ಪಗ ಬುತ್ತಿ ತಂದೇನಿ.” ವಾರ್ಡಿಗೆ ವಾರ್ಡೇ ನಕ್ಕಿತ್ತು.

ಈಗ ರಾಚವ್ವ ಮುಖವನ್ನು ಗೋಡೆಯತ್ತ ಹೊರಳಿಸುತ್ತಾರೆ. “ನಾಚತಾಳ್ರಿ,” ಎಂದು ಉಳವಪ್ಪ ನಗುತ್ತಾರೆ.

ನಾಗರತ್ನಾ ನಗುವುದಿಲ್ಲ. “ಹೆಸರ ಬ್ಯಾಡ ಬಿಡ್ರಿ. ತವರ ಯಾವೂರು?” ರಾಚವ್ವನವರ ತುಟಿ ಅಲುಗುತ್ತದೆ, ಮಾತು ಹೊರಡುವುದಿಲ್ಲ.

ಕರೆದ ಕೂಡಲೇ ಡಾಕ್ಟರ್ ಸಚಿನ ಓಡಿ ಬರುತ್ತಾರೆ. ಮುಚ್ಚಿದ ರೆಪ್ಪೆಗೆ ಜೆಲ್ ಹಚ್ಚಿ, ಸ್ಕ್ಯಾನಿಂಗ್ ಮಷೀನಿನ ಹಿಡಿಯನ್ನು ಹೂವಿನಷ್ಟು ಹಗುರಾಗಿ ಇಡುತ್ತಾರೆ. ತಲೆಬುರುಡೆ ಕೊರೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಪರದೆಯಲ್ಲಿ ನೋಡಿದರೆ ಕಣ್ಣಿನ ಹಿಂದಿನ ನರದ ಹೊದಿಕೆ ಉಬ್ಬಿದೆ. ತಲೆಯೊಳಗೆ ಒತ್ತಡ ಏರುತ್ತಿರುವ ಗುರುತು ಅದು. ಸ್ಟ್ರೆಚರಿನ ತಲೆಭಾಗ ಎತ್ತರಿಸಿಕೊಂಡು ಆಂಬುಲೆನ್ಸ್ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೊರಡುತ್ತದೆ. ಉಳವಪ್ಪನವರ ನಗು ಎಲ್ಲಿಗೋ ಹೋಗಿದೆ.

ನಾಗರತ್ನಾ ನೇಸರಗಿಯವರು. ಅಪ್ಪ ಬಸಲಿಂಗಪ್ಪ ಟ್ರ್ಯಾಕ್ಟರಿನಿಂದ ಬಿದ್ದು ಬಂದ ದಿನ ಮನೆಮಂದಿಯೆಲ್ಲ ಸಪ್ಪಳ ಮಾಡದೆ ಓಡಾಡಿದರು. “ದಣದಾನ, ಮಲಗಲಿ ಅಂದ್ವಿ. ಲೈಟ್ ಆರಿಸಿದಾಕಿ ನಾನ ರೀ,” ಎನ್ನುತ್ತಾರೆ. ಅಪ್ಪ ಮತ್ತೆ ಏಳಲಿಲ್ಲ. ತಲೆಗೆ ಪೆಟ್ಟಾದವರನ್ನು ನಾಗರತ್ನಾ ಈಗ ಸುಮ್ಮನೆ ಮಲಗಲು ಬಿಡುವುದಿಲ್ಲ. ನಿದ್ದೆ ಕೆಡಿಸುತ್ತಾರೆಂದು ರೋಗಿಗಳು ಸಿಡುಕುತ್ತಾರೆ, ಕರುಣೆ ಇಲ್ಲದಾಕೆ ಎಂದು ನೆಂಟರು ಬೈಯುತ್ತಾರೆ. ಅದನ್ನೆಲ್ಲ ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕೆಲವು ವಾರಗಳ ನಂತರ ಉಳವಪ್ಪನವರ ಫೋನ್ ಬರುತ್ತದೆ. ಆಪರೇಷನ್ ಆಗಿದೆ, ರಾಚವ್ವ ಮನೆಗೆ ಬಂದಿದ್ದಾರೆ. “ತಡೀರಿ ಅಕ್ಕಾರ, ಆಕೀ ಏನೋ ಹೇಳಬೇಕಂತ.”

ಆ ಕಡೆಯಿಂದ ತಡವರಿಸುವ ದನಿ: “ಮಲಪ್ರಭಾ ಹೊಳಿ... ದಾಟಿ ಬಂದೇನಿ...” ಅಲ್ಲಿಗೇ ನಿಲ್ಲುತ್ತದೆ. ನಾಗರತ್ನಾ ಟೇಬಲ್ಲಿನ ಅಂಚು ಹಿಡಿದು ಕಾಯುತ್ತಾರೆ.

“...ಉಳವಪ್ಪಗ ಬುತ್ತಿ ತಂದೇನಿ.”

ಸೆರಗಿಲ್ಲದ ಬಿಳಿ ಯೂನಿಫಾರ್ಮಿನ ತೋಳಿನಿಂದಲೇ ಕಣ್ಣೊರೆಸಿಕೊಂಡು ನಾಗರತ್ನಾ ಹೇಳುತ್ತಾರೆ: “ಅಣ್ಣಾರ, ಇನ್ನ ಆರಾಮ ಮಲಗಲಿ ಬಿಡ್ರಿ. ಯಾರೂ ಎಬ್ಬಸಬ್ಯಾಡ್ರಿ.”